ಮೈಕ್ರೋಚಾನೆಲ್‌ನಲ್ಲಿ ಕುದಿಸಿ ಎಲೆಕ್ಟ್ರಾನಿಕ್ಸ್ ತಂಪು ಮಾಡುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಡ್ರೈವ್ ಪ್ಯಾನೆಲ್ (ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ನೋಡಿಕೊಳ್ಳುವ ಎಲೆಕ್ಟ್ರಿಷಿಯನ್‌ಗಳಿಗೆ, ಈ ಕೆಲಸಕ್ಕೆ ಕೈ ಹಾಕಬೇಕೆಂದಿರುವ ಎಸಿ ಮೆಕ್ಯಾನಿಕ್‌ಗಳಿಗೆ. ಲೆಕ್ಕಗಳೆಲ್ಲ ಹೊರಗಿನ ಗಾಳಿ 42 ಡಿಗ್ರಿ ಎಂದು ಹಿಡಿದು ಮಾಡಿದವು. 25 ಡಿಗ್ರಿಯ ಲ್ಯಾಬ್‌ನಲ್ಲಿ ಬರೆದ ಅಂಕಿಗಳನ್ನು ಹಾಗೇ ಇಲ್ಲಿಗೆ ತಂದರೆ ಏಪ್ರಿಲ್‌ನಲ್ಲಿ ಕೈ ಕೊಡುತ್ತವೆ. ಗೇಜ್ ಎಂದು ಹೇಳದ ಕಡೆ ಒತ್ತಡವೆಲ್ಲ ನಿರಪೇಕ್ಷ ಒತ್ತಡ, ಅಂದರೆ ಪೂರ್ಣ ನಿರ್ವಾತವನ್ನು ಸೊನ್ನೆ ಎಂದು ಹಿಡಿದದ್ದು; ಗೇಜ್ ಒತ್ತಡದಲ್ಲಿ ಹೊರಗಿನ ವಾತಾವರಣದ ಒತ್ತಡವೇ ಸೊನ್ನೆ.

ಇದರಲ್ಲಿ ನಡೆಯುವುದಾದರೂ ಏನು?

ಬಿಸಿಯಾಗುವ ಚಿಪ್ ಅಥವಾ ಪವರ್ ಮಾಡ್ಯೂಲ್‌ನ ಬೆನ್ನಿಗೆ ತಾಮ್ರದ ಪ್ಲೇಟ್ ಕೂರಿಸುತ್ತೇವೆ. ಪ್ಲೇಟಿನೊಳಗೆ ಒಂದು ಮಿಲಿಮೀಟರಿಗಿಂತ ಕಿರಿದಾದ ಹತ್ತಾರು ಕಾಲುವೆಗಳು. ಪಂಪ್ ದ್ರವವನ್ನು ಒಳಗೆ ತಳ್ಳುತ್ತದೆ. ಅದು ದಾರಿಯಲ್ಲೇ ಕುದಿದು, ಅರ್ಧ ದ್ರವ ಅರ್ಧ ಆವಿಯಾಗಿ ಹೊರಬರುತ್ತದೆ. ಕಂಡೆನ್ಸರ್‌ನಲ್ಲಿ ಆವಿ ಮತ್ತೆ ದ್ರವವಾಗಿ ರಿಸೀವರ್‌ಗೆ (ದ್ರವ ಕೂಡಿಡುವ ಪಾತ್ರೆ) ಇಳಿದು ಪಂಪಿಗೆ ವಾಪಸಾಗುತ್ತದೆ.

ಇದರಲ್ಲಿ ಕಂಪ್ರೆಸರ್ ಇಲ್ಲ, ಹಾಗಾಗಿ ಇದು ಎಸಿ ಅಲ್ಲ. ದ್ರವ ಯಾವತ್ತೂ ಹೊರಗಾಳಿಗಿಂತ ಬಿಸಿಯಾಗಿಯೇ ಇರುತ್ತದೆ. ಪ್ಲೇಟ್ ಬೆವರಿ ಬೋರ್ಡ್ ಮೇಲೆ ನೀರು ತೊಟ್ಟಿಕ್ಕುವ ಭಯ ಇಲ್ಲದಿರುವುದು ಇದರಿಂದಾಗುವ ಲಾಭ.

ನಮ್ಮ ಮಿಲ್ಲಿನ ಡ್ರೈವ್ ಪ್ಯಾನೆಲ್ ಬೇಸಿಗೆಯಲ್ಲಿ ಟ್ರಿಪ್ ಆಗುತ್ತದೆ. ಇದು ಬೇಕಾ?

ಹೆಚ್ಚಿನ ಪಾಲು ಬೇಡ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಪ್ಯಾನೆಲ್ ಬಿಸಿಗೆ ಮೊದಲು ನೋಡಬೇಕಾದದ್ದು ತೌಡಿನ ಧೂಳಿನಿಂದ ಕಟ್ಟಿದ ಫಿಲ್ಟರ್, ನಿಂತುಹೋದ ಫ್ಯಾನ್, ಬಿಸಿಲು ನೇರ ಬೀಳುವ ತಗಡಿನ ಪೆಟ್ಟಿಗೆ. ಅವನ್ನು ಸರಿಮಾಡಲು ಒಂದು ಬೆಳಗು ಸಾಕು.

ಕುದಿಸುವ ಪದ್ಧತಿ ಬೇಕಾಗುವುದು ಶಾಖ ಒಂದೇ ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಹುಟ್ಟಿದಾಗ. ಡೇಟಾ ಸೆಂಟರ್‌ಗಳಲ್ಲಿ ಬಳಸುವ ಎನ್‌ವಿಡಿಯಾ ಎಚ್100 ಚಿಪ್ 814 ಚದರ ಮಿ.ಮೀ. ಜಾಗದಲ್ಲಿ 700 ವಾಟ್ ಬಿಡುತ್ತದೆ, ಅಂದರೆ ಚದರ ಸೆಂ.ಮೀ.ಗೆ ಸುಮಾರು 86 ವಾಟ್. ಇಷ್ಟಿದ್ದರೂ ಬರೀ ನೀರು ಹರಿಸಿಯೇ ನಿಭಾಯಿಸಬಹುದು. 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್ 50 ಮೈಕ್ರಾನ್ (0.05 ಮಿ.ಮೀ.) ಅಗಲದ ಸಿಲಿಕಾನ್ ಕಾಲುವೆಗಳಲ್ಲಿ ನೀರನ್ನು ಕುದಿಸದೆಯೇ ಚದರ ಸೆಂ.ಮೀ.ಗೆ 790 ವಾಟ್ ತೆಗೆದು ತೋರಿಸಿದ್ದರು. ಹಾಗಾಗಿ ‘ನೀರಿನಿಂದ ಆಗದು’ ಎಂದು ಪ್ರಾಜೆಕ್ಟ್ ವರದಿಯ ಮೊದಲ ಸಾಲಿನಲ್ಲೇ ಬರೆಯಬೇಡಿ.

ಹಾಗಾದರೆ ಕುದಿಸುವುದರಿಂದ ಏನು ಲಾಭ?

ಮೂರು. ಒಂದು, ಹರಿವು ಕಡಿಮೆ ಸಾಕು. 400 ವಾಟ್ ಶಾಖವನ್ನು ನೀರು 5 ಡಿಗ್ರಿ ಮಾತ್ರ ಬಿಸಿಯಾಗುವಂತೆ ಒಯ್ಯಬೇಕೆಂದರೆ ಸೆಕೆಂಡಿಗೆ 19 ಗ್ರಾಂ ಹರಿಯಬೇಕು. ಕಾರ್ ಎಸಿಯಲ್ಲಿ ಬಳಸುವ ಶೀತಕ ಆರ್-134ಎ ಅರ್ಧ ಆವಿಯಾದರೆ 5.5 ಗ್ರಾಂ ಸಾಕು. ಎರಡು, ಕುದಿಯುವ ದ್ರವದ ತಾಪ ಕಾಲುವೆಯ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸಾಲಾಗಿ ಕೂತ ನಾಲ್ಕು ಚಿಪ್‌ಗಳಲ್ಲಿ ಕೊನೆಯದಕ್ಕೂ ಮೊದಲನೆಯದರಷ್ಟೇ ತಂಪು. ಮೂರು, ಶೀತಕ ಸೋರಿದರೂ ಬೋರ್ಡ್ ಶಾರ್ಟ್ ಆಗುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಕಾರಣ. ಒಂದೇ ಚಿಪ್ ಇದ್ದು ಹತ್ತು ಡಿಗ್ರಿ ಹೆಚ್ಚುಕಡಿಮೆ ನಡೆಯುತ್ತದೆ ಎನ್ನುವವರು ನೀರಿನಲ್ಲೇ ಮುಗಿಸಿ.

42 ಡಿಗ್ರಿ ಬಿಸಿಲಿನಲ್ಲಿ ಇದು ಕೆಲಸ ಮಾಡುತ್ತದಾ?

ಮಾಡುತ್ತದೆ, ಆದರೆ ಇಡೀ ಯಂತ್ರದ ತಾಪವನ್ನು ತೀರ್ಮಾನಿಸುವುದು ಕಾಲುವೆಯಲ್ಲ, ಕಂಡೆನ್ಸರ್. ಕುದಿಯುವ ತಾಪ ಒತ್ತಡಕ್ಕೆ ಕಟ್ಟುಬಿದ್ದಿದೆ, ಒತ್ತಡ ಕಂಡೆನ್ಸರ್‌ಗೆ, ಕಂಡೆನ್ಸರ್ ಹೊರಗಾಳಿಗೆ. ಸಾಧಾರಣ ಗಾತ್ರದ ಗಾಳಿ ಕಂಡೆನ್ಸರ್ ಹೊರಗಾಳಿಗಿಂತ 12–13 ಡಿಗ್ರಿ ಮೇಲೆ ನಡೆಯುತ್ತದೆ. ಅಲ್ಲಿಗೆ 42 ಡಿಗ್ರಿ ಗಾಳಿಗೆ ದ್ರವ 55 ಡಿಗ್ರಿಯಲ್ಲಿ ಕುದಿಯುತ್ತದೆ. ಆರ್-134ಎಗೆ ಅಂದರೆ 14.9 ಬಾರ್. ಅದೇ ಯಂತ್ರ ಡಿಸೆಂಬರ್ ಬೆಳಗ್ಗೆ 17 ಡಿಗ್ರಿಯಲ್ಲಿ 30ಕ್ಕೆ ಕುದಿಯುತ್ತದೆ, ಒತ್ತಡ 7.7 ಬಾರ್. ಪೈಪು, ಪಂಪು, ಸೀಲುಗಳನ್ನು ಮೇ ತಿಂಗಳಿಗೆ ಆರಿಸಬೇಕು.

ವಿದ್ಯಾರ್ಥಿಗಳು ಕಾಲುವೆಯನ್ನು 0.4ರಿಂದ 0.3 ಮಿ.ಮೀ.ಗೆ ಇಳಿಸಲು ತಿಂಗಳುಗಟ್ಟಲೆ ಒದ್ದಾಡಿ, ಸಿಕ್ಕ ಹಳೆಯ ಕಂಡೆನ್ಸರ್ ಒಂದನ್ನು ಕೊನೆಗೆ ಸಿಕ್ಕಿಸುತ್ತಾರೆ. ಕಾಲುವೆ ಸಣ್ಣದಾಗಿ ಮೂರು ನಾಲ್ಕು ಡಿಗ್ರಿ ಉಳಿದೀತು. ಕಂಡೆನ್ಸರ್ ಧೂಳು ಹಿಡಿದರೆ ಹತ್ತು ಡಿಗ್ರಿ ಹೋಗುತ್ತದೆ. ಹಣ, ಸಮಯ ಎರಡನ್ನೂ ಮೊದಲು ಅಲ್ಲಿ ಹಾಕಿ.

ಒಣ ಬಿಸಿಲಿನ ಮಧ್ಯಾಹ್ನ ಕೂಲರಿನ ಒದ್ದೆ ಪ್ಯಾಡನ್ನು ಕಂಡೆನ್ಸರ್ ಮುಂದಿಟ್ಟರೆ ಒಳಬರುವ ಗಾಳಿ 8–10 ಡಿಗ್ರಿ ಇಳಿಯುತ್ತದೆ. ಪ್ಯಾಡ್ ಗಾಳಿಯನ್ನು ತೋಯಿಸಬೇಕೇ ಹೊರತು ನೀರು ಫಿನ್ ಮೇಲೆ ಚಿಮ್ಮಬಾರದು. ಬೋರ್‌ವೆಲ್ಲಿನ ಗಡಸು ನೀರು ಫಿನ್ ಮೇಲೆ ಆರಿದರೆ ಬಿಳಿ ಪದರ ಕಟ್ಟಿ, ಒಂದೇ ಬೇಸಿಗೆಯಲ್ಲಿ ಕಂಡೆನ್ಸರ್ ಹಾಳು.

ಕಾಲುವೆ ಎಷ್ಟು ಸಣ್ಣದಿದ್ದರೆ ಮೈಕ್ರೋಚಾನೆಲ್?

ಮೈಕ್ರೋಚಾನೆಲ್ ಸಂಶೋಧಕ ಪ್ರೊಫೆಸರ್ ಕಾಂಡ್ಲಿಕರ್ ಕೊಟ್ಟ ವಿಂಗಡಣೆಯಲ್ಲಿ 10ರಿಂದ 200 ಮೈಕ್ರಾನ್ ಮೈಕ್ರೋ, ಅಲ್ಲಿಂದ 3 ಮಿ.ಮೀ.ವರೆಗೆ ಮಿನಿ. ಕುದಿಯುವಾಗ ಮುಖ್ಯವಾಗುವುದು ಬೇರೆ: ಗುಳ್ಳೆ ಗೋಡೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆಯೇ ಇಲ್ಲವೇ. ಆರ್-134ಎ 55 ಡಿಗ್ರಿಯಲ್ಲಿದ್ದಾಗ ಸುಮಾರು 1.3 ಮಿ.ಮೀ.ಗಿಂತ ಸಣ್ಣ ಕಾಲುವೆಯಲ್ಲೇ ಗುಳ್ಳೆ ಸಿಕ್ಕಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಅದರ ಸುತ್ತ ಗೋಡೆಗೆ ಅಂಟಿದ ತೆಳು ದ್ರವ ಪೊರೆ ಆವಿಯಾಗುವುದರಿಂದಲೇ ಶಾಖ ಚೆನ್ನಾಗಿ ಹೋಗುವುದು. ನಿಜಕ್ಕೂ ಕೂದಲೆಳೆಯಷ್ಟು ಕಾಲುವೆ ಈ ಗುಣಕ್ಕೆ ಬೇಕಿಲ್ಲ. ಸ್ಥಳೀಯವಾಗಿ ಮಾಡಿಸಲು 0.4 ಮಿ.ಮೀ. ಒಳ್ಳೆಯ ಅಳತೆ.

ಕಾರ್ ಎಸಿ ಗ್ಯಾಸ್ ಹಾಕಿದರೆ ನಡೆಯುತ್ತದಾ? ನೀರೇ ಯಾಕೆ ಬೇಡ?

ಕಾರ್ ಎಸಿಯ ಗ್ಯಾಸ್ ಆರ್-134ಎ ಆಗಿದ್ದರೆ ನಡೆಯುತ್ತದೆ. ಈ ಪುಟದ ಲೆಕ್ಕವೆಲ್ಲ ಅದಕ್ಕೇ. ಎಲ್ಲ ಕಡೆ ಸಿಗುತ್ತದೆ, ಬೆಂಕಿ ಹತ್ತುವುದಿಲ್ಲ. ಅದರ ದೋಷ ಭೂತಾಪ: ಇಂಗಾಲದ ಡೈಆಕ್ಸೈಡಿನ 1430 ಪಟ್ಟು. ಹೊಸ ಕಾರುಗಳ ಆರ್-1234ವೈಎಫ್ ಹೆಚ್ಚುಕಡಿಮೆ ಇದೇ ಒತ್ತಡದ್ದು, ಆದರೆ ಅಲ್ಪ ಮಟ್ಟಿಗೆ ಉರಿಯುವಂಥದ್ದು. ಆರ್-1233ಝಡ್‌ಡಿ ಸಿಕ್ಕರೆ ಇನ್ನೂ ಒಳ್ಳೆಯದು. 55 ಡಿಗ್ರಿಯಲ್ಲೂ 3ರಿಂದ 4 ಬಾರ್ ಒಳಗೇ ಇರುತ್ತದೆ. ಹಳೆಯ ಪ್ರಬಂಧಗಳಲ್ಲಿ ಕಾಣುವ ತ್ರೀಎಂ ಕಂಪನಿಯ ನೋವೆಕ್, ಫ್ಲೋರಿನರ್ಟ್ ದ್ರವಗಳನ್ನು ನಂಬಿ ಯೋಜನೆ ಹಾಕಬೇಡಿ. 2025ರ ಕೊನೆಗೆ ಈ ಬಗೆಯ ರಾಸಾಯನಿಕಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಕಂಪನಿ 2022ರ ಡಿಸೆಂಬರ್‌ನಲ್ಲಿ ಘೋಷಿಸಿತ್ತು. ಮನೆ ಎಸಿಯ ಆರ್-32 ಅಂತೂ ಬೇಡವೇ ಬೇಡ, ಒತ್ತಡ ಎರಡು ಪಟ್ಟಿಗೂ ಮೀರುತ್ತದೆ.

ನೀರು 55 ಡಿಗ್ರಿಯಲ್ಲಿ ಕುದಿಯಬೇಕಾದರೆ ಒತ್ತಡ 0.157 ಬಾರ್‌ಗೆ ಇಳಿಯಬೇಕು. ಆಗ ಅದರ ಆವಿ ಎಷ್ಟು ಹಿಗ್ಗುತ್ತದೆಂದರೆ, ಅಷ್ಟೇ ಶಾಖಕ್ಕೆ ಆರ್-134ಎಗಿಂತ ಸುಮಾರು 45 ಪಟ್ಟು ಗಾತ್ರದ ಆವಿ ಆ ಸಣ್ಣ ಕಾಲುವೆಯಿಂದ ಹೊರಬರಬೇಕು. ಒತ್ತಡದ ನಷ್ಟವೇ ಎಲ್ಲವನ್ನೂ ನುಂಗುತ್ತದೆ. ಮೇಲಾಗಿ ಇಡೀ ಪೈಪ್‌ಲೈನ್ ನಿರ್ವಾತದಲ್ಲಿರುವುದರಿಂದ ಎಲ್ಲಿ ಸಣ್ಣ ಸೋರಿಕೆ ಇದ್ದರೂ ಗಾಳಿ ಒಳಗೆ ಬರುತ್ತದೆ.

400 ವಾಟಿಗೆ ಒಂದು ಪೂರ್ತಿ ಲೆಕ್ಕ ಕೊಡಿ.

ಶಾಖದ ಜಾಗ 20 × 20 ಮಿ.ಮೀ., ಚದರ ಸೆಂ.ಮೀ.ಗೆ 100 ವಾಟ್. ಕಾಲುವೆ 0.4 ಮಿ.ಮೀ. ಅಗಲ, 1.2 ಆಳ, ನಡುವಿನ ಗೋಡೆ 0.4. ಇಪ್ಪತ್ತು ಮಿ.ಮೀ. ಅಗಲದಲ್ಲಿ 25 ಕಾಲುವೆ ಕೂರುತ್ತವೆ. 55 ಡಿಗ್ರಿಯಲ್ಲಿ ಆರ್-134ಎಯ ಗುಪ್ತೋಷ್ಣ (ದ್ರವ ಆವಿಯಾಗಲು ಹೀರುವ ಶಾಖ) ಕಿಲೋಗೆ ಸುಮಾರು 145 ಕಿಲೋಜೂಲ್. ಅರ್ಧ ಮಾತ್ರ ಆವಿಯಾಗಲಿ ಎಂದರೆ ಸೆಕೆಂಡಿಗೆ 5.5 ಗ್ರಾಂ, ನಿಮಿಷಕ್ಕೆ ಸುಮಾರು 300 ಮಿ.ಲೀ. ಅರ್ಧಕ್ಕಿಂತ ಹೆಚ್ಚು ಆಸೆಪಡಬೇಡಿ. ಉಳಿದ ಅರ್ಧ ದ್ರವ ಗೋಡೆಯನ್ನು ಒದ್ದೆಯಾಗಿಡಲು ಬೇಕು.

ಪ್ರತಿ ಕಾಲುವೆಯ ತಳ ಮತ್ತು ಎರಡು ಗೋಡೆ ಸೇರಿಸಿದರೆ ಒಟ್ಟು 14 ಚದರ ಸೆಂ.ಮೀ. ಒದ್ದೆ ಮೈ. ಶಾಖ ವರ್ಗಾವಣೆಯ ಗುಣಾಂಕವನ್ನು ಚದರ ಮೀಟರಿಗೆ ಡಿಗ್ರಿಗೆ 10,000–20,000 ವಾಟ್ ಎಂದು ಹಿಡಿದರೆ ಗೋಡೆ ದ್ರವಕ್ಕಿಂತ 14ರಿಂದ 29 ಡಿಗ್ರಿ ಬಿಸಿ. ಅಂದರೆ 69ರಿಂದ 84. ಇದರ ಮೇಲೆ ಥರ್ಮಲ್ ಪೇಸ್ಟ್: 50 ಮೈಕ್ರಾನ್ ದಪ್ಪ, ವಾಹಕತೆ ಮೀಟರಿಗೆ ಡಿಗ್ರಿಗೆ 4 ವಾಟ್ ಇದ್ದರೆ ಅದೊಂದೇ 12.5 ಡಿಗ್ರಿ ತಿನ್ನುತ್ತದೆ. ಪೇಸ್ಟ್ ಜಾಸ್ತಿ ಬಳಿದು 100 ಮೈಕ್ರಾನ್ ಆಯಿತೋ, 25 ಡಿಗ್ರಿ! ಕಾಲುವೆ ಕೊರೆದ ಶ್ರಮವೆಲ್ಲ ಪೇಸ್ಟಿನಲ್ಲಿ ಕರಗಿಹೋಗುತ್ತದೆ. ಪ್ಲೇಟಿನ ತಳವನ್ನು ಗಾಜಿನ ಮೇಲೆ ಎಮರಿ ಹಾಳೆ ಹಾಸಿ ಮಟ್ಟಸವಾಗಿ ಉಜ್ಜಿ, ಪೇಸ್ಟ್ ತೆಳ್ಳಗೆ ಹಚ್ಚಿ, ನಾಲ್ಕೂ ಬೋಲ್ಟ್ ಮೂಲೆ-ಮೂಲೆಗೆ ಸರದಿಯಲ್ಲಿ ಬಿಗಿಮಾಡಿ.

ಪ್ಲೇಟ್ ಮಾಡಿಸುವುದು ಹೇಗೆ?

0.25 ಮಿ.ಮೀ. ತಂತಿಯ ವೈರ್ ಕಟ್ ಯಂತ್ರದಲ್ಲಿ ಬಾಚಣಿಗೆಯಂತೆ ಕತ್ತರಿಸಿಕೊಳ್ಳಬಹುದು, ಇಲ್ಲವೇ ಮಿಲ್ಲಿಂಗ್ ಯಂತ್ರದಲ್ಲಿ 0.4 ಮಿ.ಮೀ. ಸ್ಲಿಟಿಂಗ್ ಸಾ ಹಾಕಬಹುದು. ಶುದ್ಧ ತಾಮ್ರ ಬ್ಲೇಡಿಗೆ ಅಂಟುತ್ತದೆ. ನಿಧಾನ ಫೀಡ್, ಧಾರಾಳ ಎಣ್ಣೆ. ಕತ್ತರಿಸಿದ ಮೇಲೆ ಅಂಚಿನ ಬರ್ ತೆಗೆದು, ಸೋಪು ನೀರಿನ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹಾಕಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯಿರಿ.

ಒಳಗೆ ಕುದಿಯುವುದು ಕಾಣಲಿ ಎಂದು ಮುಚ್ಚಳಕ್ಕೆ ಅಕ್ರಿಲಿಕ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. 40 × 40 ಮಿ.ಮೀ. ಮುಚ್ಚಳದ ಮೇಲೆ 14 ಬಾರ್ ಗೇಜ್ ಎಂದರೆ 220 ಕಿಲೋಗೂ ಮೀರಿದ ಭಾರ. ಮುಚ್ಚಳ ಲೋಹದ್ದೇ ಇರಲಿ; ನೋಡಲೇಬೇಕಿದ್ದರೆ ಹೊರಹೋಗುವ ಪೈಪಿಗೆ ಸೈಟ್ ಗ್ಲಾಸ್ ಹಾಕಿ. ಓ-ರಿಂಗ್ ಎಚ್‌ಎನ್‌ಬಿಆರ್ ಇಲ್ಲವೇ ನಿಯೋಪ್ರೀನ್ ರಬ್ಬರಿನದಿರಲಿ. ದುಬಾರಿಯದ್ದೇ ಒಳ್ಳೆಯದೆಂದು ವೈಟಾನ್ ಹಾಕಿದರೆ ಆರ್-134ಎಯಲ್ಲಿ ಊದಿಕೊಳ್ಳುತ್ತದೆ.

ಗೇಜ್ ಮುಳ್ಳು ಒಂದೇ ಸಮ ಅಲ್ಲಾಡುತ್ತದೆ, ಒಂದು ಬದಿ ಬಿಸಿಯಾಗುತ್ತದೆ. ಯಾಕೆ?

ಈ ತಂತ್ರದ ದೊಡ್ಡ ತಲೆನೋವು ಇದೇ. 25 ಕಾಲುವೆಗಳಿಗೆ ಒಂದೇ ಬಾಯಿ, ಒಂದೇ ಹೊರದಾರಿ. ಒಂದು ಕಾಲುವೆಯಲ್ಲಿ ಆವಿ ಸ್ವಲ್ಪ ಹೆಚ್ಚಾದರೆ ಅಲ್ಲಿ ತಡೆ ಹೆಚ್ಚುತ್ತದೆ, ದ್ರವ ಪಕ್ಕದವಕ್ಕೆ ಹೊರಳುತ್ತದೆ. ದ್ರವ ಕಡಿಮೆಯಾದ ಕಾಲುವೆಯಲ್ಲಿ ಆವಿ ಇನ್ನೂ ಹೆಚ್ಚುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಎಳೆದಷ್ಟೂ ಎಳೆದರೆ ಕೊನೆ ಭಾಗದ ರೈತರ ಗದ್ದೆ ಒಣಗುವ ಹಾಗೆಯೇ, ಸುಲಭ ದಾರಿ ಸಿಕ್ಕ ಕಾಲುವೆ ಎಲ್ಲವನ್ನೂ ಕುಡಿದು ಉಳಿದವು ಒಣಗುತ್ತವೆ. ಜೊತೆಗೆ ಸಿಕ್ಕಿಬಿದ್ದ ಗುಳ್ಳೆ ಎರಡೂ ಕಡೆ ಹಿಗ್ಗಿ ದ್ರವವನ್ನು ಬಾಯಿಯ ಕಡೆಗೇ ಹಿಂದಕ್ಕೆ ತಳ್ಳುತ್ತದೆ.

ಮದ್ದು: ಪ್ರತಿ ಕಾಲುವೆಯ ಬಾಯಿಗೆ ಒಂದು ಸಣ್ಣ ತೂತಿನ ತಡೆ. ಮೇಲೆ ಲೆಕ್ಕ ಹಾಕಿದ 400 ವಾಟಿನ ಪ್ಲೇಟಿಗೆ 0.3 ಮಿ.ಮೀ. ತೂತು ಹಿಡಿಸುತ್ತದೆ. ಅಲ್ಲಿ ದ್ರವ ಸುಮಾರು 0.1 ಬಾರ್ ಕಳೆದುಕೊಳ್ಳುತ್ತದೆ. ಕಾಲುವೆಯೊಳಗಿನ ನಷ್ಟ 0.02–0.03 ಬಾರ್ ಅಷ್ಟೇ. ಬಾಯಿಯ ತಡೆ ಒಳಗಿನ ತಡೆಗಿಂತ ಮೂರ್ನಾಲ್ಕು ಪಟ್ಟು ಇದ್ದಾಗ ಒಳಗೆ ಏನೇ ಏರುಪೇರಾದರೂ ಪ್ರತಿ ಕಾಲುವೆಗೂ ಅದರ ಪಾಲು ಸಿಗುತ್ತದೆ. ಜಿನೀವಾ ಬಳಿಯ ಸರ್ನ್ ಕಣಭೌತ ಪ್ರಯೋಗಾಲಯದ ಎಲ್‌ಎಚ್‌ಸಿಬಿ ಶೋಧಕದಲ್ಲೂ ಇದೇ ಉಪಾಯವಿದೆ. ಇಂಗಾಲದ ಡೈಆಕ್ಸೈಡ್ ಕುದಿಯುವ ಅಲ್ಲಿನ ಸಿಲಿಕಾನ್ ಕಾಲುವೆ 120 × 200 ಮೈಕ್ರಾನ್, ಬಾಯಿ ಮಾತ್ರ 60 × 60.

ಮುಳ್ಳಿನ ಅಲ್ಲಾಟಕ್ಕೆ ಇನ್ನೊಂದು ಮೂಲ, ಪಂಪ್ ಮತ್ತು ಪ್ಲೇಟ್ ನಡುವೆ ಹಿಗ್ಗುವ ಜಾಗ: ಉದ್ದನೆಯ ರಬ್ಬರ್ ಹೋಸ್, ಆವಿ ಸಿಕ್ಕಿದ ಫಿಲ್ಟರ್ ಬಟ್ಟಲು. ಅದು ತುಂಬಿ ಖಾಲಿಯಾಗುತ್ತ ಇಡೀ ಸರ್ಕ್ಯೂಟ್ ಉಸಿರಾಡಲು ಶುರುಮಾಡುತ್ತದೆ. ಆ ಭಾಗಕ್ಕೆ ಗಿಡ್ಡನೆಯ ತಾಮ್ರದ ಪೈಪ್ ಹಾಕಿ, ಪ್ಲೇಟಿಗೆ ಹತ್ತಿರದಲ್ಲಿ ಒಂದು ನೀಡಲ್ ವಾಲ್ವ್ ಕೂರಿಸಿ.

ತೂತು 0.3 ಮಿ.ಮೀ. ಎಂದ ಮೇಲೆ ಫಿಲ್ಟರ್ ಅದರ ಹತ್ತನೇ ಒಂದು ಭಾಗಕ್ಕಿಂತ ನಯ ಇರಬೇಕು; 25 ಮೈಕ್ರಾನ್ ಹಾಕಿ. ಮೊದಲ ವಾರ ಬ್ರೇಜಿಂಗ್ ಕರಿ, ತಾಮ್ರದ ಪುಡಿ ಬಂದೇ ಬರುತ್ತದೆ. ಬ್ರೇಜಿಂಗ್ ಮಾಡುವಾಗ ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಸಿದರೆ ಕರಿ ಹುಟ್ಟುವುದೇ ಇಲ್ಲ.

ಸಂಜೆ ಮಳೆ ಬಂದ ಕೂಡಲೇ ಪಂಪ್ ಗರಗರ ಎಂದು ಹರಿವು ನಿಲ್ಲುತ್ತದೆ. ಪಂಪ್ ಕೆಟ್ಟಿದೆಯಾ?

ಪಂಪ್ ಸರಿಯಾಗಿಯೇ ಇದೆ. ಮೇ ತಿಂಗಳ ಗಾಳಿಮಳೆ ಕಂಡೆನ್ಸರನ್ನು ನಿಮಿಷಗಳಲ್ಲಿ ತಣ್ಣಗೆ ಮಾಡುತ್ತದೆ, ಒತ್ತಡ ಕುಸಿಯುತ್ತದೆ. ರಿಸೀವರ್‌ನಲ್ಲಿರುವ ದ್ರವ ಮಾತ್ರ ಇನ್ನೂ 50 ಡಿಗ್ರಿಯಲ್ಲಿದೆ. ಆ ಕಡಿಮೆ ಒತ್ತಡಕ್ಕೆ ಅದು ಪಂಪಿನ ಬಾಯಲ್ಲೇ ಕುದಿಯುತ್ತದೆ. ಗೇರ್ ಪಂಪಿಗೆ ಆವಿ ಎತ್ತಲಾಗದು.

ರಿಸೀವರನ್ನು ಪಂಪಿಗಿಂತ ಅರ್ಧ ಮೀಟರ್ ಎತ್ತರದಲ್ಲಿಟ್ಟರೆ ಸಿಗುವುದು 0.05 ಬಾರ್ ಮಾತ್ರ. ಅದೇ ದ್ರವವನ್ನು 55ರಿಂದ 50ಕ್ಕೆ ತಣಿಸಿ ಪಂಪಿಗೆ ಕೊಟ್ಟರೆ 1.7 ಬಾರ್ ರಕ್ಷಣೆ. ಆದ್ದರಿಂದ ರಿಸೀವರ್ ಮತ್ತು ಪಂಪ್ ನಡುವೆ ಪುಟ್ಟದೊಂದು ಸಬ್‌ಕೂಲರ್ ಸುರುಳಿ ಹಾಕಿ, ಕಂಡೆನ್ಸರಿನ ಫ್ಯಾನ್ ಗಾಳಿಯೇ ಮೊದಲು ಅದರ ಮೇಲೆ ಬೀಸಲಿ. ಒತ್ತಡ ಬೀಳತೊಡಗಿದಾಗ ಫ್ಯಾನ್ ವೇಗ ತಾನಾಗಿ ಇಳಿಯುವ ನಿಯಂತ್ರಣವೂ ಬೇಕು. ಪಂಪ್ ಮ್ಯಾಗ್ನೆಟ್ ಜೋಡಣೆಯದ್ದೇ ಇರಲಿ, ಶಾಫ್ಟ್ ಸೀಲ್ ಇದ್ದದ್ದು ಸೋರುತ್ತದೆ.

ಗ್ಯಾಸ್ ತುಂಬುವ ಮೊದಲು ಏನೇನು ಮಾಡಬೇಕು?

ನೈಟ್ರೋಜನ್ ತುಂಬಿ 20 ಬಾರ್ ಗೇಜ್‌ಗೆ ಏರಿಸಿ, ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಒಂದು ದಿನ ಬಿಡಿ. ಆಕ್ಸಿಜನ್ ಸಿಲಿಂಡರ್ ಹತ್ತಿರವೂ ತರಬೇಡಿ. ಮಧ್ಯಾಹ್ನ 42 ಡಿಗ್ರಿಯಲ್ಲಿ 20 ಇದ್ದದ್ದು ಬೆಳಗಿನ ಜಾವ 27 ಡಿಗ್ರಿಯಲ್ಲಿ 19ಕ್ಕೆ ಬಂದಿದ್ದರೆ ಅದು ಸೋರಿಕೆಯಲ್ಲ, ಬರೀ ತಾಪದ ಇಳಿತ. ಮಧ್ಯಾಹ್ನಕ್ಕೆ ಮಧ್ಯಾಹ್ನವನ್ನೇ ಹೋಲಿಸಿ.

ಆಮೇಲೆ ಎರಡು ಹಂತದ ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನ್‌ಗಿಂತ ಕೆಳಗೆ ಎಳೆಯಿರಿ (ಇಲ್ಲಿ ಮೈಕ್ರಾನ್ ಎಂದರೆ ಉದ್ದವಲ್ಲ, ವ್ಯಾಕ್ಯೂಮ್ ಗೇಜಿನ ಒತ್ತಡದ ಅಳತೆ). ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಟ್ಟರೂ 1000 ದಾಟಬಾರದು. ಗ್ಯಾಸನ್ನು ತಕ್ಕಡಿ ಮೇಲೆ ತೂಗಿ ಹಾಕಿ. ಆರ್-134ಎ ದ್ರವ 25ರಿಂದ 55 ಡಿಗ್ರಿಗೆ ಏರುವಾಗ ಸುಮಾರು ಶೇ 12ರಷ್ಟು ಹಿಗ್ಗುತ್ತದೆ, ಹಾಗಾಗಿ ಬಿಸಿಯಾದಾಗಲೂ ರಿಸೀವರ್ ಶೇ 80 ಮೀರಬಾರದು. ಎರಡು ವಾಲ್ವ್ ಮುಚ್ಚಿ ನಡುವೆ ದ್ರವ ಸಿಕ್ಕಿಸಿ ಬಿಸಿಲಿಗೆ ಬಿಟ್ಟರೆ ಪೈಪ್ ಸೀಳುತ್ತದೆ. ಸೇಫ್ಟಿ ವಾಲ್ವ್ ಇಲ್ಲದೆ ಚಾಲೂ ಮಾಡಲೇಬೇಡಿ.

ಒಳಗೆ ಗಾಳಿ ಉಳಿದಿದೆಯೇ ಎಂದು ತಿಳಿಯಲು ಉಪಕರಣ ಬೇಡ. ರಾತ್ರಿಯಿಡೀ ಆಫ್ ಮಾಡಿಟ್ಟು, ಎಲ್ಲ ಭಾಗಗಳೂ 30 ಡಿಗ್ರಿಯಲ್ಲಿದ್ದಾಗ ಗೇಜ್ ನೋಡಿ. ಬಳ್ಳಾರಿಯ ಎತ್ತರದಲ್ಲಿ ವಾತಾವರಣದ ಒತ್ತಡ 0.96 ಬಾರ್ ಆಸುಪಾಸು, ಆದ್ದರಿಂದ ಮುಳ್ಳು 6.7–6.75 ಬಾರ್ ತೋರಿಸಬೇಕು. ಪಿಎಸ್‌ಐ ಲೆಕ್ಕದಲ್ಲಿ 98ರ ಹತ್ತಿರ. 7.2 ತೋರಿಸಿದರೆ ಹೆಚ್ಚುವರಿ ಅರ್ಧ ಬಾರ್ ಗಾಳಿಯದು. ಆ ಗಾಳಿ ಕಂಡೆನ್ಸರ್‌ನಲ್ಲಿ ಕೂತು ಜಾಗ ಕಟ್ಟಿ, ಬೇಸಿಗೆಯಲ್ಲಿ ಒತ್ತಡ ಏರಿಸುತ್ತದೆ.

ಹಳೆಯ ಕಾರ್ ಎಸಿ ಬಿಡಿಭಾಗ ಹಾಕುವುದಿದ್ದರೆ ಒಳಗಿನ ಎಣ್ಣೆ ಪೂರ್ತಿ ತೊಳೆಯಿರಿ. ಇಲ್ಲಿ ಕಂಪ್ರೆಸರ್ ಇಲ್ಲ, ಎಣ್ಣೆಗೂ ಕೆಲಸವಿಲ್ಲ. ಅದು ಕಾಲುವೆಯಲ್ಲೇ ಉಳಿದುಬಿಡುತ್ತದೆ.

ಶುರು ಮಾಡಿದಾಗ ತಾಪ ಏರಿ, ಆಮೇಲೆ ಒಮ್ಮೆಲೇ ಬೀಳುತ್ತದೆ. ಇದು ಸರಿಯಾ?

ಸಹಜ. ನುಣುಪು ಗೋಡೆಯಲ್ಲಿ ಮೊದಲ ಗುಳ್ಳೆ ಹುಟ್ಟಲು ಜಾಗ ಸಿಗದೆ ದ್ರವ ಕುದಿಯುವ ಬಿಂದು ದಾಟಿಯೂ ಸುಮ್ಮನಿರುತ್ತದೆ; ಒಮ್ಮೆ ಹುಟ್ಟಿತೆಂದರೆ ಎಲ್ಲ ಕಡೆ ಒಟ್ಟಿಗೆ. ವೈರ್ ಕಟ್ ಮೈ ತಾನೇ ಒರಟಾಗಿರುವುದರಿಂದ ಈ ತೊಂದರೆ ಕಡಿಮೆ. ಅದನ್ನು ಪಾಲಿಶ್ ಮಾಡಿ ಹೊಳೆಯಿಸಬೇಡಿ. ಲೋಡನ್ನು 50 ವಾಟಿನ ಮೆಟ್ಟಿಲುಗಳಲ್ಲಿ ಏರಿಸಿ.

ಪಂಪ್ ನಿಂತರೆ ಎಷ್ಟು ಸಮಯ ಇದೆ?

ಬಹಳ ಕಡಿಮೆ. 200 ಗ್ರಾಂ ತಾಮ್ರದ ಪ್ಲೇಟ್ ಒಣಗಿದ ಮೇಲೆ 400 ವಾಟಿಗೆ ಸೆಕೆಂಡಿಗೆ 5 ಡಿಗ್ರಿ ಏರುತ್ತದೆ. ಹತ್ತು ಸೆಕೆಂಡಿಗೆ 50. ಹರಿವಿನ ಸ್ವಿಚ್ ಬಿದ್ದೊಡನೆ ಲೋಡ್ ಕಡಿಯಬೇಕು. ಅದರ ಮೇಲೆ ಪ್ಲೇಟಿಗೇ ಅಂಟಿಸಿದ 110 ಡಿಗ್ರಿಯ ಥರ್ಮೋಸ್ಟಾಟ್, ಸಾಫ್ಟ್‌ವೇರ್ ಹಂಗಿಲ್ಲದೆ ನೇರ ಕಾಂಟ್ಯಾಕ್ಟರ್ ಸುರುಳಿಗೆ. ಕರೆಂಟ್ ಹೋಗಿ ಬಂದಾಗ ಪಂಪ್ ಮೊದಲು, ಲೋಡ್ ಆಮೇಲೆ.

ಡೇಟಾ ಲಾಗರ್‌ನಲ್ಲಿ ಎಲ್ಲ ನೆಟ್ಟಗಿದೆ, ಆದರೂ ಮಾಡ್ಯೂಲ್ ಸುಟ್ಟಿತು. ಹೇಗೆ?

ಹತ್ತು ಸೆಕೆಂಡಿಗೊಮ್ಮೆ ಓದಿದರೆ ಸೆಕೆಂಡಿಗೆ ಒಂದೆರಡು ಸಲ ಏರಿಳಿಯುವುದು ಕಾಣುವುದೇ ಇಲ್ಲ. ಒತ್ತಡದ ಸೆನ್ಸರನ್ನು ಸೆಕೆಂಡಿಗೆ 100 ಸಲ ಓದಿ. ಟಿ-ಟೈಪ್ ಥರ್ಮೋಕಪಲ್‌ಗಳನ್ನು ಹೊರಬಾಯಿಯ ಕಡೆಗೆ ಹೆಚ್ಚು ಹಾಕಿ. ಒಣಗುವುದು ಅಲ್ಲಿಂದಲೇ ಶುರು. ಒಳಹರಿವು ನಿಲ್ಲಿಸಿ ಹೀಟರ್‌ಗೆ ಸಣ್ಣ ವಿದ್ಯುತ್ ಕೊಟ್ಟು, ಗಾಳಿಗೆ ಸೋರುವ ಶಾಖವನ್ನು ಮೊದಲೇ ಅಳೆದಿಟ್ಟುಕೊಳ್ಳದಿದ್ದರೆ ವರದಿಯ ಗುಣಾಂಕಗಳನ್ನು ನಂಬಲಾಗದು.

ಕಂಡೆನ್ಸರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ದಿನದ ಲೆಕ್ಕಕ್ಕಿಂತ ತಾಪದ ಲೆಕ್ಕ ಒಳ್ಳೆಯದು. ಹೊಸದರಲ್ಲಿ ಕುದಿಯುವ ತಾಪ ಮತ್ತು ಹೊರಗಾಳಿಯ ಅಂತರ ಬರೆದಿಡಿ. ಅದೇ ಲೋಡಿಗೆ ಅಂತರ 13ರಿಂದ 17 ಆಯಿತೆಂದರೆ ತೊಳೆಯಿರಿ. ತೋರಣಗಲ್ಲು, ಸಂಡೂರು ಕಡೆ ಅದಿರಿನ ಕೆಂಪು ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್‌ಗಳಲ್ಲಿ ಹತ್ತಿಯ ಎಳೆ: ಎರಡಕ್ಕೂ ಗಾಳಿ ಬರುವ ದಿಕ್ಕಿನ ವಿರುದ್ಧದಿಂದ ಊದಬೇಕು. ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಧೂಳು ವಿದ್ಯುತ್ ಹರಿಸುವಂಥದ್ದು, ಆದ್ದರಿಂದ ಊದುವ ಮುನ್ನ ಪ್ಯಾನೆಲ್ ಬಾಗಿಲು ಮುಚ್ಚಿರಲಿ. ಅಲ್ಯೂಮಿನಿಯಂ ಫಿನ್‌ಗೆ ಆಸಿಡ್, ಕಾಸ್ಟಿಕ್ ಎರಡೂ ಬೇಡ. ಬರೀ ನೀರು, ಕೊನೆಯ ಸುತ್ತು ಆರ್‌ಒ ನೀರು.

ಮೊಬೈಲ್‌ನೊಳಗೆ ಇರುವುದೂ ಇದೇನಾ?

ತತ್ವ ಒಂದೇ. ಅದು ವೇಪರ್ ಚೇಂಬರ್: ಪಂಪ್ ಇಲ್ಲ, ಬತ್ತಿಯಂಥ ಪದರವೇ ದ್ರವವನ್ನು ಹಿಂದಕ್ಕೆ ಎಳೆಯುತ್ತದೆ. ಕೆಲವು ವಾಟ್‌ಗಳಿಗೆ ಅದೇ ಸರಿ.

ರಿಪೇರಿಗೆ ಬಿಚ್ಚಬೇಕಾದರೆ ಗ್ಯಾಸ್ ಹೊರಗೆ ಬಿಡಬಹುದಾ?

ಬಿಡಬಾರದು. ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದು ತೂಗಿಟ್ಟುಕೊಳ್ಳಿ. ತುಂಬಿದ್ದ ತೂಕಕ್ಕೂ ಬಂದ ತೂಕಕ್ಕೂ ಇರುವ ವ್ಯತ್ಯಾಸವೇ ಅಷ್ಟು ದಿನದ ಸೋರಿಕೆಯ ಲೆಕ್ಕ. ಬಿಚ್ಚಿದಾಗಲೆಲ್ಲ ಫಿಲ್ಟರ್ ಡ್ರೈಯರ್ ಹೊಸದು ಹಾಕಿ, ಹಳೆಯದನ್ನು ಕೊಯ್ದು ಒಳಗೆ ಏನು ಸಿಕ್ಕಿದೆ ನೋಡಿ: ಕರಿ ಇದ್ದರೆ ಬ್ರೇಜಿಂಗ್‌ನದು, ಹೊಳೆಯುವ ಚೂರು ಪಂಪಿನ ಗೇರಿನದು, ರಬ್ಬರ್ ತುಣುಕು ಓ-ರಿಂಗಿನದು.